ಕಣ್ಣು ನಿಂತ ಎತ್ತರ

ಪರದೆಯ ಮೇಲೆ ಮೊದಲು ಕಾಣುವುದು ಒಂದು ನಕ್ಷೆ. ನೀಲಿ ನೀರು. ನಡುನಡುವೆ ದ್ವೀಪಗಳು, ಅವುಗಳ ಸಂದಿಯಲ್ಲಿ ಅಂಕುಡೊಂಕಾಗಿ ಹರಿದ ಕಾಲುವೆಗಳು. ಒಂದು, ಎರಡು, ಮೂರು ಎಂದು ಅಂಕಿ ಹೊತ್ತ ತಾಣಗಳು. ಅವನ್ನು ಅದೇ ಕ್ರಮದಲ್ಲಿ ಮುಟ್ಟಿ ಬರಬೇಕು. ಬೇಕಾದಷ್ಟು ಹೊತ್ತು ನೋಡಿಕೊಳ್ಳಬಹುದು. ನಕ್ಷೆ ಮುಚ್ಚಿದ ಮರುಗಳಿಗೆಯೇ ಆಕಾಶದಲ್ಲಿದ್ದ ಕಣ್ಣು ಸರ್ರನೆ ಕೆಳಗಿಳಿದು ಪುಟ್ಟ ದೋಣಿಯೊಂದರ ಬೆನ್ನಿಗೆ ಬಂದು ನಿಲ್ಲುತ್ತದೆ. ಆಗಷ್ಟೇ ಅಂಗೈಯಗಲವಿದ್ದ ನೀರು ಈಗ ಕಣ್ಣು ಹಾಯುವವರೆಗೂ ಹರಡಿಕೊಂಡಿದೆ. ಬೆರಳತುದಿಯಷ್ಟಿದ್ದ ದ್ವೀಪ ಗೋಡೆಯಾಗಿ ಎದುರು ನಿಂತಿದೆ. ಅದರಾಚೆ ಏನಿದೆಯೋ ಕಾಣದು. ದೋಣಿ ಮಾತ್ರ ಕಾಯುವುದಿಲ್ಲ, ಮುಂದೆ ಸಾಗುತ್ತಲೇ ಇದೆ. ಎಡಕ್ಕೋ, ಬಲಕ್ಕೋ?

ಇದು 2016ರಲ್ಲಿ ಫೋನುಗಳಿಗೆ ಬಂದ 'ಸೀ ಹೀರೋ ಕ್ವೆಸ್ಟ್' ಆಟ. ಹೊರಗಿನಿಂದ ಮಕ್ಕಳಾಟ, ಒಳಗೆ ಪ್ರಯೋಗಶಾಲೆ. ಅಲ್ಜೈಮರ್ಸ್ ಕಾಯಿಲೆಯಲ್ಲಿ ಮೊದಮೊದಲು ಕೈಕೊಡುವ ಶಕ್ತಿಗಳಲ್ಲಿ ದಾರಿಯ ಅರಿವೂ ಒಂದು. ಯಾರ ದಾರಿ ತಪ್ಪುತ್ತಿದೆ ಎಂದು ಹೇಳಬೇಕಾದರೆ ಆರೋಗ್ಯವಂತರು ದಾರಿ ಹಿಡಿಯುವ ಬಗೆ ಮೊದಲು ತಿಳಿದಿರಬೇಕು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಹ್ಯೂಗೊ ಸ್ಪಿಯರ್ಸ್ ಮತ್ತು ಜೊತೆಗಾರರು ಅದಕ್ಕಾಗಿ ಈ ಆಟದ ಮೊರೆಹೊಕ್ಕರು. ಜಗತ್ತಿನಾದ್ಯಂತ ಸುಮಾರು 40 ಲಕ್ಷ ಜನ ದೋಣಿ ನಡೆಸಿದರು. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಕೂರಿಸಿ ಪರೀಕ್ಷಿಸುವ ವಿಜ್ಞಾನಿಗೆ ಇದು ಕನಸಿನಲ್ಲೂ ದಕ್ಕದ ಸಂಖ್ಯೆ.

ಅದೇ ಆಟದಲ್ಲಿ ಇನ್ನೊಂದು ಬಗೆಯ ಹಂತಗಳಿವೆ. ಅಲ್ಲಿ ನಕ್ಷೆಯೇ ಇಲ್ಲ. ಹೊರಟಲ್ಲಿಂದ ತಿರುವಿನ ಮೇಲೆ ತಿರುವು ಹಾಕಿ ದೋಣಿ ಒಂದು ಕಡೆ ನಿಲ್ಲುತ್ತದೆ. ಹೊರಟ ಜಾಗ ಯಾವ ದಿಕ್ಕಿಗಿದೆ ಎಂದು ಅಂದಾಜು ಮಾಡಿ ಅತ್ತ ಒಂದು ಬೆಂಕಿಬಾಣ ಹಾರಿಸಬೇಕು. ಮೊದಲ ಬಗೆಯಲ್ಲಿ ಮೇಲಿನಿಂದ ಕಂಡದ್ದನ್ನು ಕೆಳಗೆ ನಡೆಸಬೇಕು. ಎರಡನೆಯದರಲ್ಲಿ ಕೆಳಗೆ ನಡೆದದ್ದನ್ನು ಮನಸ್ಸಿನಲ್ಲೇ ಮೇಲಿನಿಂದ ನೋಡಬೇಕು. ಊರು ಕಲಿಯುವ ಇಡೀ ವಿದ್ಯೆ ಈ ಎರಡು ಕೆಲಸಗಳ ನಡುವೆ ಇದೆ.

*

ಸಂಜೆ ಐದರ ಹೊತ್ತಿಗೆ ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ಹೋಗಿ. ಕಾಲೇಜು ಬಿಟ್ಟು ಬಂದ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಫೋನುಗಳು ಅಡ್ಡಲಾಗಿವೆ, ಹೆಬ್ಬೆರಳುಗಳು ಕುಣಿಯುತ್ತಿವೆ, ಎದುರಿಗೆ ಬಂದು ನಿಂತ ಬಸ್ಸು ಯಾರ ಕಣ್ಣಿಗೂ ಬಿದ್ದಿಲ್ಲ.

"ಲೋ, ಎಡಗಡೆ ಮನೆ ಮೇಲೆ ಒಬ್ಬ ಇದಾನೆ ಕಣೋ."

"ಯಾರ ಎಡಗಡೆ? ನಿಂದೋ ನಂದೋ?"

"ಮುನ್ನೂರು ನೋಡೋ, ಮುನ್ನೂರು!"

ಮುನ್ನೂರು ಎಂದರೆ ಪಬ್‌ಜಿಯಂಥ ಆಟದಲ್ಲಿ ಪರದೆಯ ನೆತ್ತಿಯ ಮೇಲೆ ಓಡುವ ದಿಕ್ಸೂಚಿ ಪಟ್ಟಿಯ ಮುನ್ನೂರು ಡಿಗ್ರಿ. ವಾಯವ್ಯಕ್ಕೆ ಹತ್ತಿರದ ದಿಕ್ಕು. ಎಡ ಬಲ ಎನ್ನುವುದು ಆಡುವವನ ಮೈಗೆ ಅಂಟಿಕೊಂಡದ್ದು. ಅವನು ತಿರುಗಿದರೆ ಅದೂ ತಿರುಗುತ್ತದೆ. ಮುನ್ನೂರು ಡಿಗ್ರಿ ಮಾತ್ರ ನೆಲಕ್ಕೆ ಅಂಟಿಕೊಂಡದ್ದು. ಯಾರು ಎತ್ತ ತಿರುಗಿದರೂ ಅದು ಅಲ್ಲೇ ಇರುತ್ತದೆ. ಮನಃಶಾಸ್ತ್ರದ ಪುಸ್ತಕ ತೆರೆಯದೆಯೇ ಕಟ್ಟೆಯ ಹುಡುಗರು ಆ ಶಾಸ್ತ್ರದ ಒಂದು ಮುಖ್ಯ ಪಾಠವನ್ನು ಗುಂಡಿನ ಚಕಮಕಿಯ ನಡುವೆ ಕಲಿತಿದ್ದಾರೆ.

ಅವರಲ್ಲಿ ಇನ್ನೊಂದು ಚರ್ಚೆಯೂ ಇದೆ: ಟಿಪಿಪಿಯೋ, ಎಫ್‌ಪಿಪಿಯೋ? ಎಫ್‌ಪಿಪಿಯಲ್ಲಿ ಆಡುವವನ ಕಣ್ಣೂ ಆಟದ ಸಿಪಾಯಿಯ ಕಣ್ಣೂ ಒಂದೇ. ಕಾಣುವುದು ಕೈ, ಬಂದೂಕಿನ ತುದಿ, ಮುಂದಿನ ದಾರಿ, ಅಷ್ಟೆ. ಟಿಪಿಪಿಯಲ್ಲಿ ಕಣ್ಣು ಸಿಪಾಯಿಯ ಬೆನ್ನ ಹಿಂದೆ, ಹೆಗಲಿಗಿಂತ ತುಸು ಮೇಲೆ ತೇಲುತ್ತದೆ. ಗೋಡೆಗೆ ಒರಗಿ ಅಡಗಿದ್ದವನಿಗೆ ಗೋಡೆಯಾಚೆಯ ಓಣಿಯೂ ಕಾಣುತ್ತದೆ. ತಾನು ಕಾಣಿಸಿಕೊಳ್ಳದೆ ಇನ್ನೊಬ್ಬನನ್ನು ಕಾಣುವ ಈ ಸವಲತ್ತು ನ್ಯಾಯವೇ ಎಂಬ ತಕರಾರು ಆಡುವವರಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೇ ಎರಡು ಬಗೆಯವರನ್ನೂ ಬೇರೆ ಬೇರೆ ಕಣಕ್ಕೆ ಬಿಡುತ್ತಾರೆ.

ಪರದೆಯ ಆಟಗಳು ಹುಟ್ಟಿದಾಗಿನಿಂದಲೂ ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಎಂದು ತಡಕಾಡುತ್ತಲೇ ಬಂದಿವೆ. 1980ರ 'ಪ್ಯಾಕ್‌ಮ್ಯಾನ್'ನಲ್ಲಿ ಇಡೀ ಚಕ್ರವ್ಯೂಹ ಒಂದೇ ನೋಟಕ್ಕೆ ಸಿಗುತ್ತಿತ್ತು. ದಾರಿ ತಪ್ಪುವ ಮಾತೇ ಇರಲಿಲ್ಲ. 1993ರ 'ಡೂಮ್' ಕಣ್ಣನ್ನು ತಂದು ಕತ್ತಲ ಓಣಿಯೊಳಗೆ ಇಟ್ಟಿತು. ಅಲ್ಲಿ ಜನ ದಾರಿ ತಪ್ಪುತ್ತಾರೆಂದು ಗೊತ್ತಿದ್ದವರು, ಒಂದು ಗುಂಡಿ ಒತ್ತಿದರೆ ಗೆರೆಗಳ ನಕ್ಷೆ ಮೂಡುವಂತೆಯೂ ಮಾಡಿಟ್ಟರು. 'ಗ್ರ್ಯಾಂಡ್ ಥೆಫ್ಟ್ ಆಟೋ' 1997ರಲ್ಲಿ ಬಂದಾಗ ಕಾರು, ರಸ್ತೆ, ಮನೆಗಳ ಚಾವಣಿ ಎಲ್ಲವೂ ಮೇಲಿನಿಂದ ಕಾಣುತ್ತಿದ್ದವು. 2001ರ ಮೂರನೆಯ ಆಟದಲ್ಲಿ ಕಣ್ಣು ಕಾರಿನ ಹಿಂದಕ್ಕೆ ಇಳಿಯಿತು. ಕಟ್ಟಡಗಳು ಎದ್ದು ನಿಂತವು, ಊರಿಗೆ ಊರಿನ ಚಹರೆ ಬಂತು. ಮೇಲಿನ ನೋಟವನ್ನು ಪೂರ್ತಿ ಬಿಡಲಾಗದೆ ಅದನ್ನು ಪರದೆಯ ಮೂಲೆಯೊಂದರಲ್ಲಿ ಚಿಕ್ಕ ಚಕ್ರವಾಗಿ ಉಳಿಸಿಕೊಂಡರು. ಇಂದಿನ ಆಟಗಾರ ಕೂತಲ್ಲೇ ಎರಡು ಎತ್ತರಗಳಲ್ಲಿ ಬದುಕುತ್ತಾನೆ. ದೊಡ್ಡ ಪರದೆಯಲ್ಲಿ ನೆಲದ ಮೇಲೆ, ಮೂಲೆಯ ಚಕ್ರದಲ್ಲಿ ಆಕಾಶದಲ್ಲಿ.

*

ಈ ಎರಡು ಎತ್ತರಗಳಿಂದ ಕಲಿತವರ ತಲೆಯಲ್ಲಿ ಉಳಿಯುವುದು ಒಂದೇ ಊರೋ, ಬೇರೆ ಬೇರೆಯೋ? ಈ ಪ್ರಶ್ನೆಗೆ ಹಳೆಯ, ಗಟ್ಟಿಯಾದ ಉತ್ತರವೊಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಸಿಕ್ಕಿತು. ಪೆಸಿಫಿಕ್ ಕಡಲಿನ ದಂಡೆಯ ಪಟ್ಟಣ. ಅಲ್ಲಿ ರ‍್ಯಾಂಡ್ ಸಂಸ್ಥೆಯ ಕಚೇರಿ: ಉದ್ದುದ್ದ ಓಣಿಗಳು, ಸಾಲುಸಾಲು ಬಾಗಿಲು, ಒಂದರಂತೆ ಇನ್ನೊಂದು ತಿರುವು. ಪೆರಿ ಥಾರ್ನ್‌ಡೈಕ್ ಮತ್ತು ಬಾರ್ಬರಾ ಹೇಸ್-ರಾತ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಅಲ್ಲಿನ ನೌಕರರನ್ನೇ ಪರೀಕ್ಷೆಗೆ ಕರೆದರು. ಕೆಲವರು ಸೇರಿ ಒಂದೆರಡು ತಿಂಗಳಾಗಿತ್ತು, ಕೆಲವರು ವರ್ಷ ಕಳೆದವರು. ಇನ್ನೊಂದು ಗುಂಪಿನವರಿಗೆ ಕಟ್ಟಡದ ಪರಿಚಯವೇ ಇರಲಿಲ್ಲ. ಅವರ ಕೈಗೆ ನಕ್ಷೆ ಕೊಟ್ಟು, ನೋಡದೆ ಬರೆಯುವಷ್ಟು ಬಾಯಿಪಾಠ ಮಾಡಿಸಿದರು.

1982ರಲ್ಲಿ ಅಚ್ಚಾದ ಫಲಿತಾಂಶ ಸೊಗಸಾಗಿದೆ. ಎರಡು ಕೋಣೆಗಳ ನಡುವೆ ಗೋಡೆ ಸೀಳಿಕೊಂಡು ಹೋದಂತೆ ನೇರ ದೂರ ಎಷ್ಟು ಎಂದರೆ ನಕ್ಷೆಯವರು ಮುಂದು. ನಡೆದುಹೋದರೆ ಎಷ್ಟು ದೂರ, ಇಲ್ಲಿ ನಿಂತು ನೋಡಿದರೆ ಆ ಕೋಣೆ ಯಾವ ಕಡೆ ಎಂದು ಕೇಳಿದರೆ ಓಡಾಡಿದವರು ಮುಂದು. ನಕ್ಷೆಯವರು ಅಲ್ಪ ಹೊತ್ತಿನಲ್ಲೇ ಇಡೀ ಕಟ್ಟಡವನ್ನು ಕೈವಶ ಮಾಡಿಕೊಂಡಿದ್ದರು. ಆದರೆ ಕಾಗದದ ಮೇಲಿನ ತಮ್ಮನ್ನು ಓಣಿಯೊಳಗೆ ತಂದು ನಿಲ್ಲಿಸಿಕೊಳ್ಳಲು ತಿಣುಕಿದರು. ಓಡಾಡಿದವರಿಗೆ ಆ ಕಷ್ಟವಿಲ್ಲ. ಹೆಚ್ಚು ಕಾಲ ಓಡಾಡಿದವರಿಗಂತೂ ನಕ್ಷೆಯ ಜ್ಞಾನವೂ ತಾನಾಗಿ ಕೂಡಿ ಬಂದಿತ್ತು. ನೇರ ದೂರದ ಪ್ರಶ್ನೆಯಲ್ಲೂ ಅವರು ನಕ್ಷೆಯವರಿಗೆ ಸಾಟಿಯಾದರು. ಮೇಲಿನ ನೋಟ ಬೇಗ ಕಲಿಸುತ್ತದೆ, ಕೆಳಗಿನ ನೋಟ ನಿಧಾನವಾಗಿ ಆಳಕ್ಕೆ ಇಳಿಸುತ್ತದೆ.

ಹದಿನೈದು ವರ್ಷಗಳ ಬಳಿಕ ಬ್ರಿಟನ್ನಿನಲ್ಲಿ ರಾಯ್ ರಡಲ್ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು ಕಂಪ್ಯೂಟರಿಗೆ ತಂದರು. ಕಲ್ಲು ಗಾರೆಯ ಕಟ್ಟಡದ ಬದಲು ಪರದೆಯ ಕಟ್ಟಡ, ಕಾಲಿನ ಬದಲು ಬೆರಳು. ಮೊದಮೊದಲು ಜನ ಅಲ್ಲಲ್ಲೇ ಸುತ್ತಿದರು. ಸಾಕಷ್ಟು ಸುತ್ತಿದ ಮೇಲೆ ಹೆಚ್ಚುಕಡಿಮೆ ತಪ್ಪಿಲ್ಲದೆ ದಾರಿ ಹಿಡಿಯತೊಡಗಿದರು. ಪರದೆಯ ಊರನ್ನೂ ಕಲಿಯಬಹುದು ಎಂಬುದು ಅಲ್ಲಿ ಗಟ್ಟಿಯಾಯಿತು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಓಣಿಗಳಲ್ಲಿ ದಿನಬಳಕೆಯ ವಸ್ತುಗಳನ್ನು ಗುರುತಿಗೆ ಇಟ್ಟಾಗ ದಾರಿ ಬೇಗ ಹತ್ತಿತು. ಅರ್ಥವಿಲ್ಲದ ಬಣ್ಣದ ಚಿತ್ತಾರಗಳನ್ನು ಇಟ್ಟಾಗ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಆಲದ ಮರ ದಾಟಿ, ಗಣೇಶನ ಗುಡಿ ಎದುರು, ರೇಷನ್ ಅಂಗಡಿ ಪಕ್ಕ ಎಂದು ದಾರಿ ಹೇಳುವ ನಮ್ಮ ಜನಕ್ಕೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಸರಿಟ್ಟು ಕರೆಯಲು ಬರುವುದೇ ಗುರುತು.

*

ಈಗ ಸ್ಟ್ಯಾನ್‌ಫರ್ಡ್. ಸ್ಕ್ಯಾನರಿನ ಕೊಳವೆಯೊಳಗೆ ಒಬ್ಬರು ಅಲುಗಾಡದೆ ಮಲಗಿದ್ದಾರೆ. ಯಂತ್ರ ಕಿವಿ ಹರಿಯುವಂತೆ ಬಡಿಯುತ್ತಿದೆ. ಕಣ್ಣೆದುರು ಕಂಪ್ಯೂಟರಿನಲ್ಲಿ ಕಟ್ಟಿದ ಜಾಗವೊಂದರ ಚಲನಚಿತ್ರ. ಒಮ್ಮೆ ಆಳೆತ್ತರದ ಕಣ್ಣಿನಿಂದ, ದಾರಿಯುದ್ದಕ್ಕೂ ನಡೆದುಹೋದಂತೆ. ಇನ್ನೊಮ್ಮೆ ಇನ್ನೊಂದು ಜಾಗ, ಮೇಲೆ ಹಾರುತ್ತ ಕೆಳಗೆ ನೋಡಿದಂತೆ. ಏಮಿ ಶೆಲ್ಟನ್ ಮತ್ತು ಜಾನ್ ಗೇಬ್ರಿಯೆಲಿ 2002ರಲ್ಲಿ ಪ್ರಕಟಿಸಿದ ಪ್ರಯೋಗವಿದು.

ಎರಡು ನೋಟಗಳಿಗೂ ಮೆದುಳಿನ ಹಲವು ಭಾಗಗಳು ಒಟ್ಟಿಗೇ ದುಡಿದವು. ನೆಲದ ನೋಟಕ್ಕೆ ಮಾತ್ರ ಹೆಚ್ಚುವರಿ ಆಳುಗಳು ಬೇಕಾದವು. ನೆನಪಿನ ಕಾರ್ಖಾನೆಯಾದ ಹಿಪ್ಪೊಕ್ಯಾಂಪಸ್ ಇರುವ ಪ್ರದೇಶ ಎಚ್ಚೆತ್ತಿತು. ಮೈಯ ಸ್ಪರ್ಶ ಮತ್ತು ನಿಲುವನ್ನು ಅರಿಯುವ ಭಾಗವೂ ಎಚ್ಚೆತ್ತಿತು. ಮಲಗಿದ್ದವರು ಕಾಲು ಅಲ್ಲಾಡಿಸಿರಲಿಲ್ಲ, ಆದರೂ ಹೀಗೆ. ಆಕಾಶದ ನೋಟಕ್ಕೆ ಅಷ್ಟು ಮಂದಿ ಬೇಕಾಗಲಿಲ್ಲ. ವಸ್ತುಗಳ ರೂಪವನ್ನೂ ಅವು ಹರಡಿಕೊಂಡ ಬಗೆಯನ್ನೂ ನೋಡಿಕೊಳ್ಳುವ ಕೆಲವು ಭಾಗಗಳೇ ಇನ್ನಷ್ಟು ಜೋರಾಗಿ ದುಡಿದು ಕೆಲಸ ಮುಗಿಸಿದವು. ಇದರಲ್ಲೊಂದು ತರ್ಕವಿದೆ. ಮೇಲಿನಿಂದ ನೋಡುವವನಿಗೆ ಎಲ್ಲವೂ ಒಟ್ಟಿಗೇ ಸಿಗುತ್ತದೆ. ಕೆಳಗೆ ನಡೆಯುವವನು ಈಗ ಕಾಣುತ್ತಿರುವುದನ್ನು ಆಗ ಕಂಡದ್ದಕ್ಕೆ ಹೊಲಿಯುತ್ತ ಹೋಗಬೇಕು. ಬೆನ್ನ ಹಿಂದೆ ಸರಿದದ್ದನ್ನೂ ಇನ್ನೂ ಎದುರಿಗಿದೆ ಎಂಬಂತೆ ಹಿಡಿದಿಟ್ಟುಕೊಳ್ಳಬೇಕು.

ಶೆಲ್ಟನ್ ಇನ್ನೊಂದನ್ನೂ ಕಂಡುಕೊಂಡರು. ನೆಲದಿಂದ ಕಲಿತವರು ನೆಲಮಟ್ಟದ ಚಿತ್ರಗಳನ್ನು ಚುರುಕಾಗಿ ಗುರುತು ಹಿಡಿದರು, ಮೇಲಿನಿಂದ ಕಲಿತವರು ಮೇಲಿನ ಚಿತ್ರಗಳನ್ನು. ಕಲಿತ ಜಾಗದ ಜೊತೆಗೆ ಕಲಿತ ಕೋನವೂ ನೆನಪಿಗೆ ಅಂಟಿಕೊಂಡು ಬರುತ್ತದೆ. ದಿನಾ ಬೈಕಿನಲ್ಲಿ ಓಡಾಡುವ ಬಡಾವಣೆಯನ್ನೇ ಡ್ರೋನ್ ವಿಡಿಯೊದಲ್ಲಿ ಕಂಡಾಗ ಇದು ನಮ್ಮದೇ ಹೌದೇ ಎಂದು ಕ್ಷಣ ಅನುಮಾನಿಸುವುದು ಇದಕ್ಕೇ.

*

ಮೇಲಿನ ಕಣ್ಣು, ಕೆಳಗಿನ ಕಾಲು ಎರಡನ್ನೂ ಒಂದೇ ತಲೆಯಲ್ಲಿ ಕೂಡಿಸಿಕೊಂಡವರನ್ನು ನೋಡಬೇಕಾದರೆ ಲಂಡನ್ನಿಗೆ ಹೋಗಬೇಕು. ಜಿಟಿಜಿಟಿ ಮಳೆಯ ಬೆಳಗ್ಗೆ ಸಣ್ಣ ಮೊಪೆಡ್ ಮೇಲೆ ಒಬ್ಬ ನಿಧಾನವಾಗಿ ಸಾಗುತ್ತಿರುತ್ತಾನೆ. ಹ್ಯಾಂಡಲ್ಲಿಗೆ ಸಿಕ್ಕಿಸಿದ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಳೆ. ನಿಲ್ಲುತ್ತಾನೆ, ಬೀದಿಯ ಹೆಸರು ನೋಡುತ್ತಾನೆ, ಬಾಯೊಳಗೇ ಗುನುಗಿಕೊಳ್ಳುತ್ತಾನೆ, ಮತ್ತೆ ಹೊರಡುತ್ತಾನೆ. ಅವನು ಕರಿ ಟ್ಯಾಕ್ಸಿಯ ಪರವಾನಗಿಗೆ ಓದುತ್ತಿರುವ ವಿದ್ಯಾರ್ಥಿ. ಪರೀಕ್ಷೆಯ ಹೆಸರು 'ದಿ ನಾಲೆಜ್'. ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. 'ನೀಲಿ ಪುಸ್ತಕ'ದಲ್ಲಿ 320 ದಾರಿಗಳಿವೆ. ಮ್ಯಾನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರಿಗೆ ಹೋಗುವುದು ಮೊದಲನೆಯದು. ಪಾಸಾಗಲು ಮೂರು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ.

ಸಂಜೆ ಮನೆಗೆ ಬಂದರೆ ಗೋಡೆಯ ಮೇಲೆ ಲಂಡನ್ನಿನ ದೊಡ್ಡ ನಕ್ಷೆ ಕಾದಿರುತ್ತದೆ. ಹೊರಟ ಜಾಗದಿಂದ ತಲುಪುವ ಜಾಗಕ್ಕೆ ಒಂದು ಹತ್ತಿಯ ದಾರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾನೆ. ಆ ನೇರ ಗೆರೆಗೆ ಯಾವ ಯಾವ ಬೀದಿಗಳು ಅಂಟಿಕೊಂಡಿವೆ, ತಾನು ಇಂದು ಹೋದ ದಾರಿ ಎಲ್ಲಿ ದಾರದಿಂದ ಆಚೆ ಸರಿಯಿತು ಎಂದು ನೋಡಿಕೊಳ್ಳುತ್ತಾನೆ. ಬೆಳಗ್ಗೆ ಮಳೆಯಲ್ಲಿ ನೆಂದು ಕಲಿತ ಬೀದಿ ರಾತ್ರಿ ದಾರದ ಕೆಳಗೆ ತನ್ನ ಜಾಗ ಹಿಡಿದು ಕೂರುತ್ತದೆ. ಪರೀಕ್ಷೆಯ ದಿನ ಮೇಜಿನಾಚೆ ಕೂತ ಪರೀಕ್ಷಕರು ಎರಡು ಜಾಗಗಳ ಹೆಸರು ಹೇಳುತ್ತಾರೆ. ಇವನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಬೀದಿಗಳ ಹೆಸರನ್ನು ಒಂದೂ ಬಿಡದೆ ಒಪ್ಪಿಸಬೇಕು. ನಕ್ಷೆಯಿಲ್ಲ, ಫೋನಿಲ್ಲ.

ಎಲಿನಾರ್ ಮಗ್ವೈರ್ 2000ದಲ್ಲಿ ಈ ಚಾಲಕರ ಮೆದುಳನ್ನು ಅಳೆದು, ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಿದೆ ಎಂದು ತೋರಿಸಿದ್ದು ಜಗತ್ತಿಗೆಲ್ಲ ಗೊತ್ತಾದ ಕಥೆ. ಪರದೆಯ ಆಟಗಳನ್ನು ಪ್ರಯೋಗಕ್ಕೆ ಎಳೆದು ತಂದವರೂ ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ. 1998ರಲ್ಲಿ 'ಡ್ಯೂಕ್ ನ್ಯೂಕೆಮ್' ಎಂಬ ಗುಂಡಿನಾಟವನ್ನು ತಿದ್ದಿ, ಗುಂಡು ತೆಗೆದು ಬರೀ ಊರನ್ನು ಉಳಿಸಿಕೊಂಡರು. ಸ್ಕ್ಯಾನರಿನಲ್ಲಿ ಮಲಗಿದವರು ಆ ಊರಲ್ಲಿ ದಾರಿ ಹುಡುಕುತ್ತ ಎಷ್ಟು ಸರಿಯಾಗಿ ನಡೆದರೋ ಬಲ ಹಿಪ್ಪೊಕ್ಯಾಂಪಸ್ ಅಷ್ಟು ಚುರುಕಾಗಿತ್ತು.

ಬಳಿಕ 'ದಿ ಗೆಟ್‌ಅವೇ' ಬಂತು. 2002ರ ಪ್ಲೇಸ್ಟೇಷನ್ ಆಟ. ನಡುಲಂಡನ್ನನ್ನು ಬೀದಿ ಬೀದಿಯಾಗಿ, ಒಂಟಿದಾರಿ, ಸಿಗ್ನಲ್ಲು, ವಾಹನಗಳ ಸಮೇತ ಕಟ್ಟಿ ನಿಲ್ಲಿಸಿದ್ದರು. ಪರದೆಯ ಮೂಲೆಯ ನಕ್ಷೆಚಕ್ರವನ್ನು ಮಾತ್ರ ಇಟ್ಟಿರಲಿಲ್ಲ. ತಿರುಗಬೇಕಾದ ಕಡೆ ಕಾರಿನ ಹಿಂದಿನ ಇಂಡಿಕೇಟರ್ ದೀಪ ಮಿನುಗುತ್ತಿತ್ತು, ಅಷ್ಟೆ. ಮಗ್ವೈರ್ ಈ ಆಟದ ಮುಂದೆ ಒಬ್ಬ ಹಳೆಯ ಟ್ಯಾಕ್ಸಿ ಚಾಲಕರನ್ನು ಕೂರಿಸಿದರು. ಕಾಯಿಲೆಯಿಂದ ಅವರ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಹಾಳಾಗಿತ್ತು. ಹೆದ್ದಾರಿಯಂಥ ಮುಖ್ಯ ರಸ್ತೆಗಳಲ್ಲಿ ಅವರು ಸಲೀಸಾಗಿ ಸಾಗಿದರು. ದಾರಿ ಹಿಡಿಯಲು ಸಣ್ಣ ಬೀದಿಗೆ ಇಳಿಯಬೇಕಾದಾಗ ಕಳೆದುಹೋದರು. ದಶಕಗಳ ಕಾಲ ಓಡಾಡಿದ ಊರಿನ ಬೆನ್ನೆಲುಬು ಅವರಲ್ಲಿ ಉಳಿದಿತ್ತು, ನರಗಳು ಅಳಿಸಿಹೋಗಿದ್ದವು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ ಆಟದ ಪರದೆಯಿಲ್ಲದೆ ಸಿಗುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲಿ ಅವರ ಕೈಗೆ ನಿಜವಾದ ಟ್ಯಾಕ್ಸಿಯ ಚಕ್ರ ಕೊಡುವುದು ಹೇಗೆ?

*

ಲಾಸ್ ಏಂಜಲಿಸಿನ ಕತ್ತಲ ಕೋಣೆಯೊಂದರಲ್ಲಿ ಇಲಿಗೂ ಒಂದು ಮಾಯಾನಗರಿ ಇದೆ. ಗಾಳಿಯ ಒತ್ತಡದ ಮೇಲೆ ತೇಲುವ ದೊಡ್ಡ ಚೆಂಡು, ಅದರ ತಲೆಯ ಮೇಲೆ ಪಟ್ಟಿ ಕಟ್ಟಿ ನಿಲ್ಲಿಸಿದ ಇಲಿ, ಸುತ್ತಲೂ ಪರದೆ. ಇಲಿ ಓಡಿದರೆ ಕಾಲ ಕೆಳಗೆ ಚೆಂಡು ಉರುಳುತ್ತದೆ, ಪರದೆಯ ಮೇಲಿನ ಕೋಣೆ ಹಿಂದೆ ಸರಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈ ಪ್ರಯೋಗಶಾಲೆಯ ಮುಖ್ಯಸ್ಥ ಮಯಾಂಕ್ ಮೆಹ್ತಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರ ಓದಿ ಮೆದುಳಿನ ಕಡೆ ಹೊರಳಿದವರು.

ಇಲಿಯ ಹಿಪ್ಪೊಕ್ಯಾಂಪಸ್ಸಿನಲ್ಲಿ ಜಾಗ ಗುರುತಿಸುವ ನರಕೋಶಗಳಿವೆ. ಈ ಮೂಲೆಗೆ ಬಂದಾಗ ಒಂದು ಕೋಶ ಮಿಡಿಯುತ್ತದೆ, ಆ ಮೂಲೆಗೆ ಹೋದಾಗ ಇನ್ನೊಂದು. 1971ರಲ್ಲಿ ಇವನ್ನು ಕಂಡುಹಿಡಿದ ಜಾನ್ ಓಕೀಫ್ 2014ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮೆಹ್ತಾ ಅವರ ಚೆಂಡಿನ ಮೇಲಿನ ಇಲಿ ಮಾಯಾಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿತು. ಕಣ್ಣಿಗೆ ಎಲ್ಲವೂ ನಿಜವಾದ ಕೋಣೆಯಂತೆಯೇ ಇತ್ತು. ಆದರೆ ಕೋಶಗಳಲ್ಲಿ ಬಹುಪಾಲು ಮಿಡಿಯಲೇ ಇಲ್ಲ. ಮಿಡಿದವುಗಳಿಗೂ ಜಾಗದ ಖಚಿತತೆ ಇರಲಿಲ್ಲ. ಕಣ್ಣು ಓಡಿತ್ತು, ಮೈ ನಿಂತಲ್ಲೇ ಇತ್ತು. ಎರಡರ ಲೆಕ್ಕ ತಾಳೆಯಾಗಲಿಲ್ಲ.

ಮನುಷ್ಯರಲ್ಲೂ ಇದರ ಛಾಯೆ ಕಂಡಿದೆ. 1998ರಲ್ಲಿ ರಾಬರ್ಟಾ ಕ್ಲಾಟ್ಸ್‌ಕಿ ಮತ್ತು ಜ್ಯಾಕ್ ಲೂಮಿಸ್ ಅವರ ತಂಡ ಸರಳ ಪರೀಕ್ಷೆಯೊಂದನ್ನು ಮಾಡಿತು. ಸ್ವಲ್ಪ ಮುಂದೆ ಹೋಗಿ, ತಿರುಗಿ, ಮತ್ತೆ ಸ್ವಲ್ಪ ಹೋಗಿ. ಈಗ ಹೊರಟ ಜಾಗದ ಕಡೆ ಮುಖ ಮಾಡಿ. ನಿಜವಾಗಿ ನಡೆದವರು ಸರಿಯಾಗಿ ತಿರುಗಿದರು. ಮೈ ತಿರುಗಿಸದೆ ತಿರುವನ್ನು ಪರದೆಯಲ್ಲಿ ಕಂಡವರು ತಾವು ತಿರುಗಿಯೇ ಇಲ್ಲ ಎಂಬಂತೆ ಉತ್ತರ ಕೊಟ್ಟರು. ಕಣ್ಣಿಗೆ ಕಂಡ ತಿರುವು ಮೈಯ ಲೆಕ್ಕಕ್ಕೆ ಬಂದಿರಲಿಲ್ಲ. 2006ರಲ್ಲಿ ರಡಲ್ ಇದನ್ನು ಇನ್ನಷ್ಟು ಹಿಗ್ಗಿಸಿ ನೋಡಿದರು. ತಲೆಗೆ ಪರದೆ ಕಟ್ಟಿಕೊಂಡು ಸ್ವಂತ ಕಾಲಲ್ಲಿ ನಡೆದವರಿಗೆ ಪರದೆಯ ಚಿತ್ರ ಕಳಪೆಯಾಗಿದ್ದರೂ ಹುಡುಕಾಟ ಸುಲಭವಾಯಿತು. ಕುರ್ಚಿಯಲ್ಲಿ ಕೂತವರಿಗೆ ಚಿತ್ರ ಎಷ್ಟೇ ಚೆಂದವಿದ್ದರೂ ಹುಡುಕಿದ ಜಾಗವನ್ನೇ ಮತ್ತೆ ಹುಡುಕುವಂತಾಯಿತು.

ಈಗಿನ ಹೆಡ್‌ಸೆಟ್ ಆಟಗಳಲ್ಲಿ ಇಕ್ಕಟ್ಟಾದ ಕೋಣೆಯ ಗೋಡೆಗೆ ಡಿಕ್ಕಿ ಹೊಡೆಯದಿರಲು ಒಂದು ಉಪಾಯವಿದೆ. ಕೈಯ ಕಡ್ಡಿಯಿಂದ ದೂರದ ಜಾಗಕ್ಕೆ ಗುರಿಯಿಟ್ಟು ಒತ್ತಿದರೆ ಸಾಕು, ರೆಪ್ಪೆ ಬಡಿಯುವುದರೊಳಗೆ ಅಲ್ಲಿರುತ್ತೀರಿ. ನಾರದರಿಗಷ್ಟೇ ಸಾಧ್ಯವಿದ್ದ ಸಂಚಾರ. ಹೀಗೆ ಜಿಗಿಯುವಾಗ ಮುಖದ ದಿಕ್ಕನ್ನೂ ಯಂತ್ರವೇ ಬದಲಿಸಿದರೆ, ಜಿಗಿದವರು ಹೊರಟ ಜಾಗದ ದಿಕ್ಕನ್ನು ತಪ್ಪುವುದು ಎದ್ದು ಕಾಣುವಷ್ಟು ಹೆಚ್ಚುತ್ತದೆ. ತಿರುವನ್ನಾದರೂ ಮೈಗೆ ಬಿಟ್ಟುಕೊಟ್ಟರೆ ನಷ್ಟ ಕಡಿಮೆ.

*

ಬೆಂಗಳೂರಿನ ಜಯನಗರದಲ್ಲಿ ಮಧ್ಯಾಹ್ನ ಒಂದೂವರೆ. ಊಟದ ಡಬ್ಬಿ ಹೊತ್ತ ಡೆಲಿವರಿ ಹುಡುಗನ ಸ್ಕೂಟರಿನ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿದೆ. ಅದರೊಳಗೆ ಒಂದು ನೀಲಿ ಬಾಣ. ಹುಡುಗ ಎತ್ತ ತಿರುಗಿದರೂ ಬಾಣ ಮೇಲಕ್ಕೇ ನೋಡುತ್ತದೆ; ತಿರುಗುವುದು ಊರು. ಮೇನ್ ಕ್ರಾಸ್ ಆಗುತ್ತದೆ, ಕ್ರಾಸ್ ಮೇನ್ ಆಗುತ್ತದೆ, ಉತ್ತರ ಎಲ್ಲೋ ಮೂಲೆಯಲ್ಲಿ ಸುತ್ತುತ್ತಿರುತ್ತದೆ. ಡಬ್ಬಿ ತಣ್ಣಗಾಗುವ ಮುಂಚೆ ಬಾಗಿಲು ಮುಟ್ಟಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮೈಯ ಬಲಗಡೆಯೂ ನಕ್ಷೆಯ ಬಲಗಡೆಯೂ ಒಂದೇ ಆಗಿರುವಾಗ ಯೋಚಿಸುವ ಕೆಲಸ ಉಳಿಯುವುದಿಲ್ಲ.

ನೌಕಾಪಡೆಯ ಕಾಲೇಜೊಂದರಲ್ಲಿ ರೂಡಿ ಡಾರ್ಕನ್ ಮತ್ತು ಹೆಲ್ಸಿನ್ ಚೆವಿಕ್ 1999ರಲ್ಲಿ ಪರದೆಯ ಊರುಗಳಲ್ಲಿ ಇದನ್ನೇ ಒರೆಗೆ ಹಚ್ಚಿದರು. ನಕ್ಷೆಯಲ್ಲಿ ಕಾಣುತ್ತಿರುವ ಗುರಿಗೆ ಸುಮ್ಮನೆ ಹೋಗಿ ಮುಟ್ಟುವುದಾದರೆ ನಮ್ಮೊಂದಿಗೆ ತಿರುಗುವ ನಕ್ಷೆಯೇ ಮೇಲು. ಗುರಿ ನಕ್ಷೆಯಲ್ಲಿಲ್ಲ, ಊರೆಲ್ಲ ಜಾಲಾಡಿ ಹುಡುಕಬೇಕು ಎಂದಾದರೆ ಉತ್ತರವನ್ನು ಮೇಲಿಟ್ಟು ಅಲುಗಾಡದೆ ನಿಂತ ನಕ್ಷೆ ಮೇಲು. ತಿರುಗುವ ನಕ್ಷೆ ಇಂದಿನ ಕೆಲಸ ಮುಗಿಸಿಕೊಡುತ್ತದೆ. ನಿಂತ ನಕ್ಷೆ ಊರಿನ ಚೌಕಟ್ಟನ್ನು ಕಟ್ಟಿಕೊಡುತ್ತದೆ.

ಬಾಣಕ್ಕೆ ಪೂರ್ತಿ ಶರಣಾದವನ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಸ್ಪಿಯರ್ಸ್ ತಂಡ 2017ರಲ್ಲಿ ಲಂಡನ್ನಿನ ಸೋಹೊ ಬೀದಿಗಳ ಮೇಲೆ ನೋಡಿತು. ಭಾಗವಹಿಸಿದವರನ್ನು ಮೊದಲು ಸೋಹೊದಲ್ಲಿ ಓಡಾಡಿಸಿ, ಮರುದಿನ ಸ್ಕ್ಯಾನರಿನಲ್ಲಿ ಅದೇ ಬೀದಿಗಳ ಚಿತ್ರಣ ತೋರಿಸಿದರು. ದಾರಿಯನ್ನು ತಾವೇ ಆರಿಸುವಾಗ ಹೊಸ ಬೀದಿಗೆ ಕಾಲಿಟ್ಟೊಡನೆ ಹಿಪ್ಪೊಕ್ಯಾಂಪಸ್ ಜಿಗಿಯುತ್ತಿತ್ತು. ಮುಂದೆ ಕವಲುಗಳು ಹೆಚ್ಚಿದ್ದಷ್ಟೂ ಜಿಗಿತ ಹೆಚ್ಚು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಯಂತ್ರ ಹೇಳತೊಡಗಿದಾಗ ಬೀದಿಗಳು ಅವೇ ಇದ್ದರೂ ಆ ಜಿಗಿತ ಇರಲಿಲ್ಲ. ಇಲ್ಲಿ ಕಣ್ಣು ಎಷ್ಟು ಎತ್ತರದಲ್ಲಿತ್ತು ಎಂಬುದಕ್ಕಿಂತ, ತಿರುವನ್ನು ತೀರ್ಮಾನಿಸಿದವರು ಯಾರು ಎಂಬುದೇ ದೊಡ್ಡದಾಯಿತು.

ದೋಣಿಯಾಟದ ಲೆಕ್ಕವೂ ಇದನ್ನೇ ಇನ್ನೊಂದು ದಿಕ್ಕಿ‌ನಿಂದ ಹೇಳುತ್ತದೆ. 38 ದೇಶಗಳ 3,97,162 ಜನರ ಆಟವನ್ನು ಜರಡಿ ಹಿಡಿದು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಗರದ ಹೊರಗೆ ಬೆಳೆದವರು ನಗರದಲ್ಲಿ ಬೆಳೆದವರಿಗಿಂತ ಒಟ್ಟಿನಲ್ಲಿ ಚೆನ್ನಾಗಿ ದಾರಿ ಹುಡುಕಿದರು. ಷಿಕಾಗೊದಂಥ ಚೌಕಳಿ ಬೀದಿಗಳ ಊರುಗಳಿರುವ ದೇಶದಲ್ಲಿ ಈ ಅಂತರ ಹೆಚ್ಚು. ಅಡ್ಡ ಉದ್ದದ ನೇರ ಬೀದಿ ಚಿಕ್ಕಂದಿನಲ್ಲಿ ಆಯ್ಕೆಗಳನ್ನು ಸುಲಭ ಮಾಡಿತು, ಅಭ್ಯಾಸವನ್ನು ಕಡಿಮೆ ಮಾಡಿತು.

*

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಮಗ್ಗುಲಿಗೆ ವಿದ್ಯಾನಗರ, ಅಲ್ಲಿ ಕಲಾಧಾಮ. ಅದರೊಳಗೆ ಒಂಬತ್ತು ಮೀಟರ್ ಅಡ್ಡಗಲದ ದುಂಡು ಪರದೆ. ನಡುವೆ ಮೋಟಾರಿನಿಂದ ತಿರುಗುವ ವೇದಿಕೆ. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಷಾ 2006ರಲ್ಲಿ ರೂಪಿಸಿದ 'ಪ್ಲೇಸ್-ಹಂಪಿ' ಇದು. ವೇದಿಕೆ ಏರಿದವರು ತಿರುಗಿದಂತೆ ಚಿತ್ರವೂ ಪರದೆಯ ಮೇಲೆ ಸುತ್ತುತ್ತದೆ. ಮಾಯಾಬಯಲಿನಲ್ಲಿ ಕೊಳಗಗಳಂತೆ ನಿಂತ ದುಂಡುಚಿತ್ರಗಳು. ಒಂದರೊಳಗೆ ಹೊಕ್ಕರೆ ಹಂಪಿಯ ಒಂದು ತಾಣ ಮುನ್ನೂರ ಅರವತ್ತು ಡಿಗ್ರಿಯಲ್ಲಿ ಸುತ್ತುವರಿಯುತ್ತದೆ. ಕಂಬದ ಕೆತ್ತನೆ, ಬಂಡೆಯ ಬಿರುಕು ಕೈಗೆಟಕುವಷ್ಟು ಹತ್ತಿರ. ಒಂದು ತಾಣವನ್ನು ಸವಿಯಲು ಇದಕ್ಕಿಂತ ಸೊಗಸಾದ ನೆಲಮಟ್ಟದ ಕಣ್ಣು ಸಿಗುವುದು ಕಷ್ಟ. ಒಂದು ತಾಣದಿಂದ ಇನ್ನೊಂದಕ್ಕೆ ನಡೆದ ದಾರಿ ಮಾತ್ರ ಅದರಲ್ಲಿಲ್ಲ.

ಆ ದಾರಿ ಹಂಪಿಯಲ್ಲೇ ಇದೆ. ವಿರೂಪಾಕ್ಷ ಬಜಾರಿನ ಉದ್ದಕ್ಕೂ ಮೂಡಣಕ್ಕೆ ನಡೆದು ಮಾತಂಗ ಬೆಟ್ಟ ಹತ್ತಿ. ಕಡಿದಾದ ಮೆಟ್ಟಿಲು, ಕಾದ ಬಂಡೆ, ಏದುಸಿರು. ನೆತ್ತಿಯ ಮೇಲೆ ನಿಂತರೆ ಆವರೆಗೆ ಬಿಡಿಬಿಡಿಯಾಗಿ ಕಂಡದ್ದೆಲ್ಲ ಕೂಡಿಕೊಳ್ಳುತ್ತದೆ. ಪಡುವಣಕ್ಕೆ ವಿರೂಪಾಕ್ಷನ ಗೋಪುರ, ಅದರ ಬುಡದಿಂದ ಇತ್ತ ಬಂದ ನೇರ ಬೀದಿ; ಕೆಳಗೆ ಅಚ್ಯುತರಾಯ ಗುಡಿಯ ಪ್ರಾಕಾರ; ಆಚೆ ಬಂಡೆಗಳ ನಡುವೆ ತುಂಗಭದ್ರೆ. ಅಲ್ಲಿಂದ ಇಳಿದು ಮತ್ತೆ ಗುಡಿಗಳ ಕಡೆ ನಡೆದವರು ದಾರಿ ಕೇಳುವುದು ಕಡಿಮೆ. ಮೊದಲು ನಡೆದು, ಆಮೇಲೆ ಏರಿ, ಮತ್ತೆ ಇಳಿಯುವ ಈ ಕ್ರಮವೇ ಲಂಡನ್ನಿನ ವಿದ್ಯಾರ್ಥಿ ಮೊಪೆಡ್ಡಿನಿಂದ ದಾರಕ್ಕೆ, ದಾರದಿಂದ ಮೊಪೆಡ್ಡಿಗೆ ಓಡಾಡುವ ಕ್ರಮವೂ ಹೌದು.

ಮಾಯಾಲೋಕ ಕಟ್ಟುವವರಿಗೆ, ಅದನ್ನು ತರಗತಿಗೂ ವಸ್ತುಸಂಗ್ರಹಾಲಯಕ್ಕೂ ತರುವವರಿಗೆ ಇದರಲ್ಲಿ ನೇರ ಸಲಹೆಯಿದೆ. ಅಗ್ನಿಶಾಮಕ ಸಿಬ್ಬಂದಿಗೆ ಕಟ್ಟಡ ಕಲಿಸುವುದಿರಲಿ, ಮಕ್ಕಳಿಗೆ ಹಳೆಯ ರಾಜಧಾನಿ ತೋರಿಸುವುದಿರಲಿ, ಕಣ್ಣನ್ನು ಒಂದೇ ಎತ್ತರದಲ್ಲಿ ಕಟ್ಟಿಹಾಕಬೇಡಿ. ನೆಲದಲ್ಲಿ ಓಡಾಡಿಸಿ, ಮೇಲಿನಿಂದ ತೋರಿಸಿ, ಮತ್ತೆ ನೆಲಕ್ಕಿಳಿಸಿ. ತಿರುವನ್ನು ಅವರ ಮೈಗೂ ತೀರ್ಮಾನವನ್ನು ಅವರ ಬುದ್ಧಿಗೂ ಬಿಡಿ.

ಉಳಿದವರು ಮಾಡಬೇಕಾದದ್ದು ಇನ್ನೂ ಸುಲಭ. ಹೊಸ ಜಾಗಕ್ಕೆ ಹೊರಡುವ ಮುನ್ನ ಫೋನಿನ ನಕ್ಷೆಯನ್ನು ಎರಡು ಬೆರಳಲ್ಲಿ ಕುಗ್ಗಿಸಿ, ಉತ್ತರವನ್ನು ಮೇಲಿಟ್ಟು, ಪೂರ್ತಿ ದಾರಿಯನ್ನು ಒಮ್ಮೆ ನೋಡಿಕೊಳ್ಳಿ. ಹೋಗುವಾಗ ಬೇಕಿದ್ದರೆ ಬಾಣದ ಮಾತು ಕೇಳಿ. ಬರುವಾಗ ಫೋನು ಜೇಬಿನಲ್ಲಿರಲಿ; ತಪ್ಪಿದರೆ ದಾರಿ ಹೇಳುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.